ಗೆರೆಯ ಉದ್ದವೂ ಒಂದು ಮಾತು: ಡಿಜಿಟಲ್ ಟೈಮ್‌ಲೈನ್‌ನಲ್ಲಿ ಅವಧಿಯನ್ನು ತೋರಿಸುವ ಬಗೆ

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗಾಗಿ ವಿಶ್ವ ಇತಿಹಾಸದ ಒಂದು ಡಿಜಿಟಲ್ ಟೈಮ್‌ಲೈನ್ ಮಾಡುತ್ತಿದ್ದೇನೆ. ಘಟನೆಗಳನ್ನೆಲ್ಲ ಸ್ಪ್ರೆಡ್‌ಶೀಟ್‌ನಲ್ಲಿ ಬರೆದು ಒಂದು ಉಚಿತ ಸಾಫ್ಟ್‌ವೇರ್‌ಗೆ ಕೊಟ್ಟೆ. ಪರದೆಯ ಮೇಲೆ ಎಲ್ಲವೂ ಒಂದೇ ಗಾತ್ರದ ಚುಕ್ಕೆಗಳಾಗಿ ಬಂದವು. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧಕ್ಕೂ ಒಂದು ಚುಕ್ಕೆ, 1896ರಲ್ಲಿ ಜಾಂಜಿಬಾರ್‌ನಲ್ಲಿ ಒಂದು ಗಂಟೆಯೊಳಗೆ ಮುಗಿದುಹೋದ ಯುದ್ಧಕ್ಕೂ ಒಂದು ಚುಕ್ಕೆ. ಮುಕ್ತಾಯದ ದಿನಾಂಕಗಳನ್ನು ಸೇರಿಸಿದ ಮೇಲೆ ಕೆಲವು ಉದ್ದನೆಯ ಪಟ್ಟಿಗಳಾದವು, ಕೆಲವು ಕಣ್ಣಿಗೇ ಕಾಣದಾದವು, ಹಲವು ಒಂದರ ಮೇಲೊಂದು ಬಿದ್ದವು. ಆರಂಭ ಅಥವಾ ಅಂತ್ಯ ಸರಿಯಾಗಿ ಗೊತ್ತಿಲ್ಲದವುಗಳನ್ನು, ಇನ್ನೂ ಮುಗಿಯದವುಗಳನ್ನು ಏನು ಮಾಡಬೇಕೆಂದೂ ತಿಳಿಯುತ್ತಿಲ್ಲ. ಅವಧಿಯನ್ನು ತೋರಿಸಲು ಸರಿಯಾದ ದಾರಿ ಯಾವುದು?

ಉತ್ತರ: ಚುಕ್ಕೆಯನ್ನು ಕೇಳಬಹುದಾದ ಪ್ರಶ್ನೆ ಒಂದೇ: ಯಾವಾಗ? ಪಟ್ಟಿಯ ವಿಷಯ ಅಷ್ಟಕ್ಕೆ ಮುಗಿಯುವುದಿಲ್ಲ. ಪರದೆಯ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಎಳೆದಿರಿ ಎಂದರೆ ಮೂರು ಮಾತು ಹೇಳಿದಂತಾಯಿತು: ಈ ಘಟನೆ ಇಲ್ಲಿ ಶುರುವಾಯಿತು, ಅಲ್ಲಿ ಮುಗಿಯಿತು, ನಡುವೆ ಎಡೆಬಿಡದೆ ನಡೆಯಿತು. ನೋಡುವ ಮಗು ಮೂರನ್ನೂ ನಂಬುತ್ತದೆ. ಬರಹದಲ್ಲಿ ‘ಸುಮಾರು’, ‘ಬಹುಶಃ’ ಎಂದು ಒಂದು ಪದ ಸೇರಿಸಿದರೆ ಸಾಕು, ಓದುಗರು ಎಚ್ಚರಗೊಳ್ಳುತ್ತಾರೆ. ಗೆರೆಗೆ ಅಂಥ ಪದವಿಲ್ಲ. ಅದಕ್ಕೆ ಸಮನಾದದ್ದನ್ನು ನಾವೇ ರೂಪಿಸಿ ಕೊಡಬೇಕು. ನಿಮಗೆ ಎದುರಾದ ತೊಡಕುಗಳಲ್ಲಿ ಅರ್ಧದಷ್ಟು ಹುಟ್ಟಿರುವುದು ಸಾಫ್ಟ್‌ವೇರ್‌ಗೆ ಬರುವ ಮೊದಲೇ, ಸ್ಪ್ರೆಡ್‌ಶೀಟ್‌ನ ಆರಂಭ, ಮುಕ್ತಾಯ ಎಂಬ ಎರಡು ಕಂಬಸಾಲುಗಳಲ್ಲಿ (ಕಾಲಂಗಳಲ್ಲಿ).

ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ನೂರು ವರ್ಷಗಳ ಯುದ್ಧ ಎಂಬ ಹೆಸರಿದ್ದರೂ ವಾಡಿಕೆಯ ಲೆಕ್ಕ 1337ರಿಂದ 1453ರವರೆಗೆ, ಅಂದರೆ 116 ವರ್ಷ. ಇದನ್ನು ಒಂದೇ ಪಟ್ಟಿಯಾಗಿ ಎಳೆದರೆ ನಾಲ್ಕು ತಲೆಮಾರು ಒಂದು ದಿನವೂ ಕತ್ತಿ ಕೆಳಗಿಡದೆ ಹೊಡೆದಾಡಿತು ಎಂದು ಮಕ್ಕಳು ತಿಳಿಯುತ್ತಾರೆ. ನಡೆದದ್ದು ಹಾಗಲ್ಲ. 1360ರಲ್ಲಿ ಬ್ರೆಟಿನ್ಯಿ ಒಪ್ಪಂದವಾಯಿತು, 1369ರಲ್ಲಿ ಯುದ್ಧ ಮರುಕಳಿಸಿತು. 1389ರಲ್ಲಿ ಕದನವಿರಾಮ ಬಂತು, 1415ರಲ್ಲಿ ಇಂಗ್ಲೆಂಡಿನ ದೊರೆ ಐದನೆಯ ಹೆನ್ರಿ ಸೈನ್ಯದೊಡನೆ ಫ್ರಾನ್ಸಿಗೆ ಇಳಿದಾಗ ಮತ್ತೆ ದೊಡ್ಡ ಕಾಳಗ ಆರಂಭವಾಯಿತು. ಈ ಎರಡು ವಿರಾಮಗಳನ್ನು ಕೂಡಿಸಿದರೆ ಸುಮಾರು 35 ವರ್ಷ, ಒಟ್ಟು ಉದ್ದದ ಮೂರನೆಯ ಒಂದು ಭಾಗಕ್ಕೆ ಹತ್ತಿರ. ಕೊನೆಯೂ ಅಷ್ಟು ಸರಳವಲ್ಲ. 1453ರ ಜುಲೈ 17ರ ಕಾಸ್ತಿಯೋಂ ಕಾಳಗವನ್ನು ಮುಕ್ತಾಯವೆಂದು ಎಣಿಸುತ್ತೇವೆ. ಆದರೆ ಆ ವರ್ಷ ಯಾವ ಶಾಂತಿ ಒಪ್ಪಂದಕ್ಕೂ ಸಹಿ ಬೀಳಲಿಲ್ಲ. ‘ನೂರು ವರ್ಷಗಳ ಯುದ್ಧ’ ಎಂಬ ಹೆಸರನ್ನೂ ಬಹಳ ಕಾಲದ ಮೇಲೆ ಇತಿಹಾಸಕಾರರು ಕೊಟ್ಟರು. ಅದರಲ್ಲಿ ಹೋರಾಡಿದವರಿಗೆ ತಾವು ಒಂದೇ ಯುದ್ಧದೊಳಗಿದ್ದೇವೆ ಎಂಬ ಕಲ್ಪನೆಯೂ ಇದ್ದಿರಲಾರದು.

ಹಾಗಾದರೆ ಎಳೆಯುವುದು ಹೇಗೆ? ನಾನಾದರೆ 1337ರಿಂದ 1453ರವರೆಗೆ ಒಂದು ತೆಳು ಗೆರೆ ಎಳೆದು, ಅದರ ಮೇಲೆ ಮೂರು ದಪ್ಪ ಪಟ್ಟಿಗಳನ್ನು ಕೂರಿಸುತ್ತೇನೆ: 1337–1360, 1369–1389, 1415–1453. ತೆಳು ಗೆರೆ ಹೆಸರಿಗೆ ಸಂಬಂಧಿಸಿದ್ದು, ದಪ್ಪ ಪಟ್ಟಿಗಳು ನಿಜವಾಗಿ ಯುದ್ಧ ನಡೆದ ಕಾಲಕ್ಕೆ ಸಂಬಂಧಿಸಿದ್ದು. ಮಕ್ಕಳಿಗೆ ವಿವರಣೆ ಕೊಡುವ ಮೊದಲೇ ‘ನಡುವೆ ಯಾಕೆ ಖಾಲಿ ಇದೆ?’ ಎಂಬ ಪ್ರಶ್ನೆ ಅವರಿಂದಲೇ ಬರುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಇದಕ್ಕೆ ಬೇಕಾದದ್ದು ‘ಯಾವುದರ ಭಾಗ’ ಎಂಬ ಒಂದು ಕಂಬಸಾಲು. ಮೂರು ಹಂತಗಳಿಗೆ ಮೂರು ಅಡ್ಡಸಾಲು ಬರೆದು, ಪ್ರತಿಯೊಂದರ ಮುಂದೆಯೂ ತಾಯಿ ಘಟನೆಯ ಹೆಸರು ನಮೂದಿಸಿ.

ಇದೇ ಎಚ್ಚರ ಎರಡನೆಯ ಮಹಾಯುದ್ಧಕ್ಕೂ ಬೇಕು. 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ಬಿದ್ದದ್ದು ಆರಂಭವೇ, ಅಥವಾ 1937ರ ಜುಲೈ 7ರಂದು ಬೀಜಿಂಗ್ ಸಮೀಪದ ಮಾರ್ಕೊ ಪೋಲೊ ಸೇತುವೆಯ ಬಳಿ ಚೀನಾ–ಜಪಾನ್ ಸೈನ್ಯಗಳ ನಡುವೆ ಹಾರಿದ ಗುಂಡು ಆರಂಭವೇ? ಮುಕ್ತಾಯ 1945ರ ಮೇ 8 ಎಂದರೆ ಯೂರೋಪಿಗೆ ಸರಿ. ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು ಸೆಪ್ಟೆಂಬರ್ 2ರಂದು. ಇವುಗಳಲ್ಲಿ ಯಾವುದನ್ನು ಆರಿಸಿದರೂ ತಪ್ಪಲ್ಲ. ಆರಿಸಿದ್ದನ್ನು ಹೇಳದಿರುವುದು ತಪ್ಪು. ಆದ್ದರಿಂದ ಆರಂಭಕ್ಕೊಂದು, ಮುಕ್ತಾಯಕ್ಕೊಂದು ‘ಆಧಾರ’ ಎಂಬ ಕಂಬಸಾಲು ಇಟ್ಟುಕೊಳ್ಳಿ, ‘ಪೋಲೆಂಡ್ ಆಕ್ರಮಣ’, ‘ಶರಣಾಗತಿಯ ಸಹಿ’ ಎಂದು ಒಂದೆರಡು ಪದ ಬರೆಯಿರಿ. ಪಟ್ಟಿಯ ತುದಿಯನ್ನು ಮುಟ್ಟಿದಾಗ ಆ ಪದಗಳು ಕಾಣುವಂತಿರಲಿ.

ಕಾಲವನ್ನು ಉದ್ದವಾಗಿ ತೋರಿಸುವ ಉಪಾಯ ಕಂಪ್ಯೂಟರಿಗಿಂತ ಎರಡು ಶತಮಾನ ಹಿರಿದು. 1753ರಲ್ಲಿ ಫ್ರಾನ್ಸಿನ ಬಾರ್ಬೊ ದ್ಯುಬೂರ್ ಎಂಬ ವೈದ್ಯ ಸುಮಾರು 54 ಅಡಿ ಉದ್ದದ ಕಾಲಪಟವೊಂದನ್ನು ಮುದ್ರಿಸಿದ. ಅದನ್ನು ಎರಡು ಉರುಳೆಗಳಿಗೆ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಹಿಡಿ ತಿರುಗಿಸುತ್ತ ನೋಡಬಹುದಾಗಿತ್ತು. ಇಂದು ನಾವು ಬೆರಳಿನಿಂದ ಪರದೆಯನ್ನು ಸರಿಸುವುದೂ ಅದೇ ಕೆಲಸ. ಪ್ರತಿ ವರ್ಷಕ್ಕೂ ಅವನು ಕೊಟ್ಟ ಜಾಗ ಸಮಾನ. ಘಟನೆ ಹೆಚ್ಚಿದ್ದ ಶತಮಾನವನ್ನು ಹಿಗ್ಗಿಸಲಿಲ್ಲ, ಬರಿದಾದದ್ದನ್ನು ಕುಗ್ಗಿಸಲಿಲ್ಲ. 1765ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟ. ಆಮ್ಲಜನಕದ ಅಧ್ಯಯನದಿಂದ ಪ್ರಸಿದ್ಧನಾದ ಅದೇ ಪ್ರೀಸ್ಟ್ಲಿ. ಸುಮಾರು 2,000 ಪ್ರಸಿದ್ಧರ ಜೀವಿತಾವಧಿಯನ್ನು ಒಂದೇ ಹಾಳೆಯ ಮೇಲೆ ಸಣ್ಣ ಸಣ್ಣ ಅಡ್ಡಗೆರೆಗಳಾಗಿ ಬರೆದ: ಗೆರೆ ಆರಂಭವಾದಲ್ಲಿ ಜನನ, ನಿಂತಲ್ಲಿ ಮರಣ. ಜನನವೋ ಮರಣವೋ ಖಚಿತವಿಲ್ಲದ ಕಡೆ ಗೆರೆಯ ಬದಲು ಚುಕ್ಕೆಗಳನ್ನಿಟ್ಟ. ತನಗೆ ತಿಳಿದಷ್ಟನ್ನು ಮಾತ್ರ ಗಟ್ಟಿಯಾಗಿ ಹೇಳುವ ಈ ಶಿಸ್ತು ನನಗೆ ಬಹಳ ಪ್ರಿಯವಾದದ್ದು. 250 ವರ್ಷಗಳ ಮೇಲೆ ನಮ್ಮ ಅನೇಕ ಸಾಫ್ಟ್‌ವೇರ್‌ಗಳು ಅದನ್ನು ಕೈಬಿಟ್ಟಿರುವುದು ಬೇಸರದ ಸಂಗತಿ. ಅವು ‘1400’ ಎಂದು ಕೊಟ್ಟರೆ ‘1400ರ ಜನವರಿ 1, ಮಧ್ಯರಾತ್ರಿ’ ಎಂದು ತಿಳಿದು ನೇರವಾದ ಅಂಚು ಕೊರೆದುಬಿಡುತ್ತವೆ.

ಈ ಅಂಚುಗಳ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ‘ಗೊತ್ತಿಲ್ಲ’ ಎಂಬುದರಲ್ಲಿ ಎರಡು ಬಗೆ ಇದೆ, ಎರಡನ್ನೂ ಒಂದೇ ರೀತಿ ತೋರಿಸುವುದು ಸರಿಯಲ್ಲ. ಯೂರೋಪಿನಲ್ಲಿ ಅಚ್ಚುಮೊಳೆಯ ಮುದ್ರಣಕ್ಕೆ ಹೆಸರಾದ ಯೊಹಾನೆಸ್ ಗುಟೆನ್‌ಬರ್ಗ್ ಹುಟ್ಟಿದ್ದು 1400ರ ಆಸುಪಾಸಿನಲ್ಲಿ, ತೀರಿಕೊಂಡದ್ದು 1468ರ ಫೆಬ್ರುವರಿ 3ರಂದು. ಅವನು ಒಂದು ನಿರ್ದಿಷ್ಟ ದಿನ ಹುಟ್ಟಿಯೇ ಇದ್ದಾನೆ. ಆ ದಿನ ನಮಗೆ ತಿಳಿಯದು, ಅಷ್ಟೆ. ಕೈಗಾರಿಕಾ ಕ್ರಾಂತಿಯ ಸಂಗತಿ ಬೇರೆ. ಎಷ್ಟೇ ದಾಖಲೆ ಹುಡುಕಿದರೂ ಅದು ಆರಂಭವಾದ ದಿನ ಸಿಗುವುದಿಲ್ಲ, ಏಕೆಂದರೆ ಅಂಥ ದಿನವೇ ಇರಲಿಲ್ಲ. ಮುಂಜಾವದಲ್ಲಿ ಬೆಳಕು ಹರಿಯುವ ಹಾಗೆ ಅದು ಬಂತು. ಮೊದಲನೆಯದು ನಮ್ಮ ತಿಳಿವಿನ ಕೊರತೆ, ಎರಡನೆಯದು ಘಟನೆಯ ಸ್ವಭಾವ. ಗುಟೆನ್‌ಬರ್ಗ್‌ನ ಪಟ್ಟಿಗೆ ಎಡತುದಿಯಲ್ಲಿ ಚುಕ್ಕೆಗೆರೆ ಕೊಡಿ, ಬಲತುದಿಯನ್ನು ನೇರವಾಗಿ ಕತ್ತರಿಸಿ. ಕೈಗಾರಿಕಾ ಕ್ರಾಂತಿಯ ಪಟ್ಟಿ ಎರಡೂ ತುದಿಗಳಲ್ಲಿ ನಿಧಾನವಾಗಿ ಬಣ್ಣ ಕಳೆದುಕೊಂಡು ಹಿನ್ನೆಲೆಯಲ್ಲಿ ಕರಗಲಿ. ಚುಕ್ಕೆಗೆರೆ ಎಂದರೆ ‘ಖಚಿತವಿಲ್ಲ’, ಮಸುಕು ಎಂದರೆ ‘ಮೆಲ್ಲಗೆ ಬಂತು’. ಒಂದು ಸಣ್ಣ ಸೂಚಿಯಲ್ಲಿ ಈ ಎರಡನ್ನು ಹೇಳಿದರೆ ಮಕ್ಕಳು ಒಂದೇ ಸಲಕ್ಕೆ ಹಿಡಿದುಕೊಳ್ಳುತ್ತಾರೆ. ತಮ್ಮ ಇತಿಹಾಸ ಪುಸ್ತಕದ ಬೇರೆ ದಿನಾಂಕಗಳನ್ನೂ ಇದೇ ಕಣ್ಣಿನಿಂದ ನೋಡತೊಡಗುತ್ತಾರೆ.

ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಬರೆಯಲು ಒಂದು ಒಪ್ಪಿತ ಪದ್ಧತಿಯೇ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮುಂದಾಳತ್ವದಲ್ಲಿ ರೂಪುಗೊಂಡ ವಿಸ್ತೃತ ದಿನಾಂಕ ಕ್ರಮ 2019ರಲ್ಲಿ, ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601ರ ಎರಡನೆಯ ಭಾಗದೊಳಗೆ ಸೇರಿತು. ಅದರಲ್ಲಿ ವರ್ಷ ಬರೆದಾದ ಮೇಲೆ ~ ಇದ್ದರೆ ‘ಸುಮಾರು’, ? ಇದ್ದರೆ ‘ಸಂದೇಹವಿದೆ’, % ಇದ್ದರೆ ಎರಡೂ. ಹೀಗೆ ಗುಟೆನ್‌ಬರ್ಗ್‌ನ ಬದುಕು 1400~/1468-02-03 ಎಂದಾಗುತ್ತದೆ. ನಿಮ್ಮ ಸಾಫ್ಟ್‌ವೇರ್‌ಗೆ ಈ ಕ್ರಮ ಅರ್ಥವಾಗದೇ ಹೋಗಬಹುದು. ಆದರೂ ಮೂಲ ಮಾಹಿತಿಯನ್ನು ಹೀಗೆಯೇ ಬರೆದಿಡಿ ಎಂದು ಒತ್ತಿ ಹೇಳುತ್ತೇನೆ. ಸಾಫ್ಟ್‌ವೇರ್ ನಾಲ್ಕು ವರ್ಷಕ್ಕೆ ಬದಲಾಗುತ್ತದೆ. ಒಮ್ಮೆ ‘ಸುಮಾರು’ ಎಂಬುದನ್ನು ಅಳಿಸಿ ಜನವರಿ 1 ಎಂದು ಬರೆದರೆ ಯಾವುದು ನಿಜವಾದ ಜನವರಿ 1, ಯಾವುದು ನಾವು ತುಂಬಿದ್ದು ಎಂದು ಆಮೇಲೆ ಯಾರೂ ಬಿಡಿಸಿ ಹೇಳಲಾರರು.

ಇನ್ನು ಲೆಕ್ಕದ ಬಲೆಗಳು. ಇವು ಬೇಗ ಹೇಳಿ ಮುಗಿಸುವಂಥವು, ಆದರೆ ತಿಳಿಯದಿದ್ದರೆ ಪಟ್ಟಿಯ ಉದ್ದವೇ ತಪ್ಪುತ್ತದೆ. ಮೊದಲ ಮಹಾಯುದ್ಧ 1914–1918 ಎಂದು ಬರೆದಿರಿ ಎನ್ನಿ. ಸಾಫ್ಟ್‌ವೇರ್ ಎರಡನ್ನೂ ವರ್ಷದ ಮೊದಲ ದಿನವೆಂದು ತಿಳಿದರೆ ಪಟ್ಟಿ 1918ರ ಜನವರಿ 1ಕ್ಕೇ ನಿಲ್ಲುತ್ತದೆ. ನವೆಂಬರ್ 11ರವರೆಗೆ ನಡೆದ ಯುದ್ಧದ ಕೊನೆಯ ಹತ್ತು ತಿಂಗಳು ಮಾಯವಾಗುತ್ತವೆ. ದಿನಾಂಕ ಗೊತ್ತಿದ್ದರೆ ದಿನಾಂಕವನ್ನೇ ಕೊಡಿ. ವರ್ಷ ಮಾತ್ರ ಗೊತ್ತಿದ್ದರೆ ಚಿತ್ರ ಎಳೆಯುವಾಗ ಮುಕ್ತಾಯವನ್ನು ಮುಂದಿನ ವರ್ಷದ ಆರಂಭಕ್ಕೆ ಹಿಡಿಯಿರಿ, ಓದುಗರಿಗೆ ಕಾಣುವ ಬರಹದಲ್ಲಿ ಮಾತ್ರ 1918 ಎಂದೇ ಇರಲಿ. ಕ್ಯಾಲೆಂಡರ್ ಸಾಫ್ಟ್‌ವೇರ್‌ಗಳು ಪಾಲಿಸುವ ಐ–ಕ್ಯಾಲೆಂಡರ್ ಕ್ರಮವೂ ಹೀಗೆಯೇ ಇದೆ: 10ನೆಯ ತಾರೀಖಿನ ಇಡೀ ದಿನದ ಕಾರ್ಯಕ್ರಮಕ್ಕೆ ಆರಂಭ 10, ಮುಕ್ತಾಯ 11. ಮುಕ್ತಾಯದ ಗಡಿ ಅವಧಿಯೊಳಗೆ ಸೇರಿಲ್ಲ ಎಂಬುದು ಅಲ್ಲಿನ ನಿಯಮ. ಇದರಿಂದ ಇನ್ನೊಂದು ಲಾಭವೂ ಉಂಟು. ಒಂದು ಮುಗಿದ ಕ್ಷಣವೇ ಇನ್ನೊಂದು ಆರಂಭವಾಗುವ ಎರಡು ಆಳ್ವಿಕೆಗಳ ಪಟ್ಟಿಗಳು ಒಂದರ ಮೇಲೊಂದು ಏರದೆ, ನಡುವೆ ಬಿರುಕೂ ಬಿಡದೆ ಸರಿಯಾಗಿ ಕೂಡುತ್ತವೆ.

ಕ್ರಿಸ್ತಪೂರ್ವದಿಂದ ಕ್ರಿಸ್ತಶಕಕ್ಕೆ ದಾಟುವ ಅವಧಿಯಲ್ಲಿ ಒಂದು ವರ್ಷ ಹೆಚ್ಚಾಗಿಬಿಡುತ್ತದೆ. ಇತಿಹಾಸದ ಎಣಿಕೆಯಲ್ಲಿ 0 ಎಂಬ ವರ್ಷವಿಲ್ಲ, ಕ್ರಿ.ಪೂ. 1 ಆದ ಮೇಲೆ ನೇರವಾಗಿ ಕ್ರಿ.ಶ. 1. ಅಗಸ್ಟಸ್ ಚಕ್ರವರ್ತಿಯ ಆಳ್ವಿಕೆ ಕ್ರಿ.ಪೂ. 27ರಿಂದ ಕ್ರಿ.ಶ. 14. ಎರಡನ್ನೂ ಕೂಡಿಸಿ 41 ಎಂದರೆ ತಪ್ಪು, ಉತ್ತರ 40. ಕಂಪ್ಯೂಟರಿನ ದಿನಾಂಕ ಕ್ರಮ ಕ್ರಿ.ಪೂ. 1ನ್ನು 0 ಎಂದು ಎಣಿಸುವುದರಿಂದ ಕ್ರಿ.ಪೂ. 27 ಅಲ್ಲಿ -26 ಆಗುತ್ತದೆ. ಎಕ್ಸೆಲ್ 1900ಕ್ಕಿಂತ ಹಿಂದಿನದನ್ನು ದಿನಾಂಕವೆಂದೇ ಗುರುತಿಸುವುದಿಲ್ಲ, ಆದ್ದರಿಂದ ವರ್ಷ, ತಿಂಗಳು, ದಿನಗಳನ್ನು ಬೇರೆ ಬೇರೆ ಕಂಬಸಾಲುಗಳಲ್ಲಿ ಬರೆಯಿರಿ. ಜಾಲಪುಟಗಳ ಪ್ರೋಗ್ರಾಂ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ವರ್ಷವನ್ನು ಸಂಖ್ಯೆಯಾಗಿ 50 ಎಂದು ಕೊಟ್ಟರೆ ಅದು 1950 ಎಂದು ತಿಳಿದು, ರೋಮನ್ ಕಾಲದ ಘಟನೆಯನ್ನು ಇಪ್ಪತ್ತನೆಯ ಶತಮಾನಕ್ಕೆ ತಂದು ನಿಲ್ಲಿಸುತ್ತದೆ. ಪಂಚಾಂಗ ಬದಲಾದ ದೇಶಗಳ ದಿನಾಂಕಗಳಲ್ಲೂ ಜಾಗ್ರತೆ ಬೇಕು: ಇಟಲಿ, ಸ್ಪೇನ್‌ಗಳಲ್ಲಿ 1582ರ ಅಕ್ಟೋಬರ್ 4ರ ಮರುದಿನ 15, ಬ್ರಿಟನ್ನಿನಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನ 14. ಶತಮಾನಗಳ ಅಳತೆಯಲ್ಲಿ ಈ ಹತ್ತು ಹನ್ನೊಂದು ದಿನ ಕಾಣುವುದಿಲ್ಲ. ವಾರಗಳ ಅಳತೆಗೆ ಇಳಿದಾಗ ಕಾಣುತ್ತದೆ.

ಈಗ ನಿಮ್ಮ ಜಾಂಜಿಬಾರ್ ಯುದ್ಧಕ್ಕೆ ಬರೋಣ, ಪಟ್ಟಿ ಮಾಡಿದ ಕೂಡಲೇ ಕಾಣೆಯಾದದ್ದಕ್ಕೆ. ಲೆಕ್ಕ ಹಾಕಿ ನೋಡಿ. ನೂರು ವರ್ಷಗಳ ಯುದ್ಧ ಪರದೆಯ ಮೇಲೆ 1,160 ಪಿಕ್ಸೆಲ್ (ಪರದೆಯ ಅತಿಸಣ್ಣ ಬಿಂದು) ಉದ್ದವಿದ್ದರೆ ಒಂದು ವರ್ಷಕ್ಕೆ ಸಿಗುವುದು 10 ಪಿಕ್ಸೆಲ್. ಒಂದು ದಿನಕ್ಕೆ ಪಿಕ್ಸೆಲ್‌ನ ಮೂವತ್ತನೆಯ ಒಂದು ಭಾಗವೂ ಇಲ್ಲವೆನ್ನುವಷ್ಟು ಸಣ್ಣದು, ಸುಮಾರು 0.027. 1896ರ ಆಗಸ್ಟ್ 27ರ ಬೆಳಿಗ್ಗೆ ನಡೆದ ಆ ಯುದ್ಧದ ಅವಧಿ 38 ನಿಮಿಷ ಎಂದು ಹಿಡಿದರೆ ಅದರ ಪಾಲಿಗೆ ಬರುವುದು ಪಿಕ್ಸೆಲ್‌ನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಕಾಣೆಯಾಗದೆ ಇನ್ನೇನಾಗುತ್ತದೆ?

ಹೆಚ್ಚಿನ ಸಾಫ್ಟ್‌ವೇರ್‌ಗಳು ಇದಕ್ಕೆ ಹುಡುಕಿಕೊಂಡ ಸುಲಭ ದಾರಿ, ಯಾವ ಪಟ್ಟಿಯೂ ಇಂತಿಷ್ಟು ಪಿಕ್ಸೆಲ್‌ಗಿಂತ ಕಿರಿದಾಗದಂತೆ ನೋಡಿಕೊಳ್ಳುವುದು. ನಾನು ಇದನ್ನು ಒಪ್ಪುವುದಿಲ್ಲ. ಹಿಂದೊಮ್ಮೆ ಒಂದು ಪ್ರದರ್ಶನಕ್ಕಾಗಿ ನಾವು ಮಾಡಿದ ಟೈಮ್‌ಲೈನ್‌ನಲ್ಲಿ ಕನಿಷ್ಠ ಅಗಲ 12 ಪಿಕ್ಸೆಲ್ ಎಂದು ಇಟ್ಟಿದ್ದೆವು. ತೆರೆಯುವ ಮೊದಲು ಕೆಲವು ವಿದ್ಯಾರ್ಥಿಗಳ ಮುಂದಿಟ್ಟು, ಒಂದು ದಿನದ ಕಾಳಗವನ್ನು ತೋರಿಸಿ ಇದು ಎಷ್ಟು ಕಾಲ ನಡೆದಿರಬಹುದು ಎಂದು ಕೇಳಿದೆವು. ಅವರು ಕೆಳಗಿನ ವರ್ಷಗಳ ಗುರುತಿಗೆ ಬೆರಳು ಹಿಡಿದು ಅಳೆದು ‘ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು’ ಎಂದರು. ಚಿತ್ರವನ್ನು ಅವರು ಸರಿಯಾಗಿಯೇ ಓದಿದ್ದರು, ತಪ್ಪು ಹೇಳಿದ್ದು ಚಿತ್ರ. ಅಂದಿನಿಂದ ನಾನು ಪಾಲಿಸುತ್ತಿರುವ ನಿಯಮ ಇದು: ಅಳೆಯಲಾಗದಷ್ಟು ಸಣ್ಣದಾದಾಗ ಪಟ್ಟಿ ತನ್ನ ಆಕಾರವನ್ನೇ ಬದಲಿಸಬೇಕು. ಆರು ಪಿಕ್ಸೆಲ್‌ಗಿಂತ ಕಡಿಮೆಯಾದರೆ ಅದು ಪಟ್ಟಿಯಾಗಿ ಉಳಿಯದೆ ಒಂದು ವಜ್ರಾಕೃತಿಯ ಗುರುತಾಗಲಿ. ವಜ್ರವನ್ನು ನೋಡಿದವರು ಉದ್ದ ಅಳೆಯಲು ಹೋಗುವುದಿಲ್ಲ. ಝೂಮ್ ಮಾಡುತ್ತ ಒಳಗೆ ಹೋದಂತೆ ಅದೇ ವಜ್ರ ಹಿಗ್ಗಿ ನಿಜವಾದ ಪಟ್ಟಿಯಾಗಲಿ. ಆ ಬದಲಾವಣೆಯನ್ನು ಕಣ್ಣಾರೆ ನೋಡುವುದೇ ಮಕ್ಕಳಿಗೆ ಒಂದು ಪಾಠ.

ಝೂಮ್ ಎಷ್ಟು ಬೇಕು ಎಂಬುದು ಘಟನೆಗಳ ಅವಧಿಗಳಲ್ಲಿರುವ ವ್ಯತ್ಯಾಸವನ್ನು ಅವಲಂಬಿಸಿದೆ. ಅಪೊಲೊ 11ರ ಯಾನವನ್ನು ನೋಡಿ. 1969ರ ಜುಲೈ 16ರಂದು ಹೊರಟು 24ರಂದು ಹಿಂತಿರುಗಿತು, ಒಟ್ಟು ಸುಮಾರು 195 ಗಂಟೆ. ಅದನ್ನು 1,000 ಪಿಕ್ಸೆಲ್ ಉದ್ದಕ್ಕೆ ಎಳೆದರೆ, ನೌಕೆ ಚಂದ್ರನ ನೆಲದ ಮೇಲಿದ್ದ ಇಪ್ಪತ್ತೊಂದೂವರೆ ಗಂಟೆಗೆ 110 ಪಿಕ್ಸೆಲ್ ಸಿಗುತ್ತದೆ, ಗಗನಯಾತ್ರಿಗಳು ಹೊರಗೆ ನಡೆದಾಡಿದ ಎರಡೂವರೆ ಗಂಟೆಗೆ 13 ಪಿಕ್ಸೆಲ್. ಒಂದರೊಳಗೊಂದು ಇರುವ ಮೂರು ಅವಧಿಗಳೂ ಒಂದೇ ಪರದೆಯಲ್ಲಿ ನೆಮ್ಮದಿಯಾಗಿ ಕೂರುತ್ತವೆ, ಎಂಟು ದಿನದ ಪ್ರಯಾಣದಲ್ಲಿ ಚಂದ್ರನ ಮೇಲಿನ ನಡಿಗೆ ಎಷ್ಟು ಸಣ್ಣ ತುಣುಕು ಎಂಬುದು ಒಂದು ಮಾತೂ ಇಲ್ಲದೆ ತಿಳಿಯುತ್ತದೆ. ಇದೇ ಕೆಲಸವನ್ನು ವಿಶ್ವದ 1,380 ಕೋಟಿ ವರ್ಷಗಳೊಡನೆ ಮಾಡಲು ಹೋದರೆ, 1,380 ಪಿಕ್ಸೆಲ್ ಗೆರೆಯಲ್ಲಿ ಪ್ರತಿ ಪಿಕ್ಸೆಲ್‌ಗೆ ಒಂದು ಕೋಟಿ ವರ್ಷ; ಸುಮಾರು ಮೂರು ಲಕ್ಷ ವರ್ಷಗಳ ನಮ್ಮ ಮನುಷ್ಯ ಜಾತಿಗೆ ಪಿಕ್ಸೆಲ್‌ನ ನೂರನೆಯ ಮೂರು ಭಾಗ.

ಅಂಥ ಕಡೆ ಕೆಲವರು ಲಾಗರಿದಮ್ ಅಳತೆಗೆ ಮೊರೆಹೋಗುತ್ತಾರೆ: ಇತ್ತೀಚಿನ ಕಾಲಕ್ಕೆ ಹೆಚ್ಚು ಜಾಗ, ಹಿಂದೆ ಹೋದಂತೆ ಕಡಿಮೆ ಜಾಗ. ಚುಕ್ಕೆಗಳಿಗೆ ಅದು ನಡೆಯುತ್ತದೆ. ಅವಧಿಗಳಿಗೆ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಹತ್ತು ವರ್ಷದ ಪಟ್ಟಿ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ. ಉದ್ದದಿಂದ ಉದ್ದವನ್ನು ಹೋಲಿಸುವುದೇ ನಮ್ಮ ಉದ್ದೇಶವಾದಾಗ ಅಳತೆಗೋಲೇ ಹಿಗ್ಗಿ ಕುಗ್ಗಬಾರದು. ಅದರ ಬದಲು ಎರಡು ಕಾಲರೇಖೆಗಳನ್ನು ಮೇಲೆ ಕೆಳಗೆ ಇಡಿ: ಕೆಳಗಿನದರಲ್ಲಿ ಇಡೀ ಕಾಲ, ಮೇಲಿನದರಲ್ಲಿ ಅದರ ಒಂದು ತುಣುಕು ದೊಡ್ಡದಾಗಿ. ಕೆಳಗಿನ ರೇಖೆಯಲ್ಲಿ ಒಂದು ಕಿಟಕಿಯಂಥ ಚೌಕ ‘ನೀವು ಈಗ ಇಷ್ಟನ್ನು ನೋಡುತ್ತಿದ್ದೀರಿ’ ಎಂದು ತೋರಿಸುತ್ತಿರಲಿ. 2006ರ ಸುಮಾರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಿಮೈಲ್ ಯೋಜನೆ ಹೊರತಂದ ಟೈಮ್‌ಲೈನ್ ತಂತ್ರಾಂಶದಲ್ಲಿ ಈ ಎರಡು ಹಂತದ ವ್ಯವಸ್ಥೆ ಇತ್ತು. ನಾನು ನೋಡಿದ ಉಪಾಯಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ಪಟ್ಟಿಗಳು ಒಂದರ ಮೇಲೊಂದು ಬೀಳುವ ಸಮಸ್ಯೆಗೆ ಗಣಿತದಲ್ಲಿ ಸೊಗಸಾದ ಉತ್ತರವಿದೆ. ಘಟನೆಗಳನ್ನು ಆರಂಭದ ದಿನಾಂಕದ ಪ್ರಕಾರ ಜೋಡಿಸಿ. ಒಂದೊಂದನ್ನೇ ಎತ್ತಿಕೊಂಡು, ಮೇಲಿನಿಂದ ನೋಡುತ್ತ ಯಾವ ಸಾಲು ಮೊದಲು ಖಾಲಿ ಸಿಗುತ್ತದೋ ಅಲ್ಲಿ ಇಡಿ. ಯಾವುದೂ ಖಾಲಿ ಇಲ್ಲದಿದ್ದರೆ ಹೊಸ ಸಾಲು ತೆರೆಯಿರಿ. ಹೀಗೆ ಮಾಡಿದರೆ ಬೇಕಾಗುವ ಸಾಲುಗಳ ಸಂಖ್ಯೆ, ಯಾವುದೇ ಒಂದು ಕ್ಷಣದಲ್ಲಿ ಒಟ್ಟಿಗೆ ನಡೆಯುತ್ತಿದ್ದ ಘಟನೆಗಳ ಗರಿಷ್ಠ ಸಂಖ್ಯೆಗೆ ಸರಿಯಾಗಿ ಸಮವಾಗುತ್ತದೆ. ಅದಕ್ಕಿಂತ ಕಡಿಮೆ ಸಾಲುಗಳಲ್ಲಿ ಯಾರಿಂದಲೂ ಜೋಡಿಸಲು ಆಗದು. ಹೆಸರಿನ ಬರಹ ಪಟ್ಟಿಗಿಂತ ಉದ್ದವಿದ್ದರೆ, ಸಾಲು ಖಾಲಿ ಇದೆಯೇ ಎಂದು ನೋಡುವಾಗ ಬರಹದ ಉದ್ದವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಹುಶಃ ನಿಮ್ಮ ಪರದೆಯಲ್ಲಿ ಪಟ್ಟಿಗಳಿಗಿಂತ ಹೆಚ್ಚಾಗಿ ಹೆಸರುಗಳೇ ಮೇಲೆ ಮೇಲೆ ಬಿದ್ದಿವೆ.

ಆದರೂ ಈ ಲೆಕ್ಕವನ್ನು ಇಡೀ ಟೈಮ್‌ಲೈನ್‌ಗೆ ಒಮ್ಮೆಗೇ ಅನ್ವಯಿಸಬೇಡಿ ಎನ್ನುತ್ತೇನೆ. ಜಾಗ ಉಳಿಯುತ್ತದೆ, ಅರ್ಥ ಚೆಲ್ಲಾಪಿಲ್ಲಿಯಾಗುತ್ತದೆ: ಒಂದು ಯುದ್ಧದ ಪಕ್ಕದಲ್ಲಿ ಒಬ್ಬ ವಿಜ್ಞಾನಿಯ ಜೀವನ, ಅದರ ಮುಂದೆ ಒಂದು ಸಾಂಕ್ರಾಮಿಕ ರೋಗ. ಮೊದಲು ವಿಷಯದ ಪ್ರಕಾರ ಗುಂಪು ಮಾಡಿ, ಆಮೇಲೆ ಪ್ರತಿ ಗುಂಪಿನೊಳಗೆ ಮಾತ್ರ ಈ ಜೋಡಣೆ ಮಾಡಿ. ಇನ್ನೊಂದು, ಝೂಮ್ ಬದಲಾದಾಗಲೆಲ್ಲ ಪಟ್ಟಿಗಳು ಮೇಲಿನ ಸಾಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೆಗೆಯದಂತೆ ನೋಡಿಕೊಳ್ಳಿ. ಕಣ್ಣು ಹಿಂಬಾಲಿಸುತ್ತಿದ್ದ ಪಟ್ಟಿ ಒಮ್ಮೆ ತಪ್ಪಿಹೋದರೆ ಮಕ್ಕಳು ಹುಡುಕುವುದನ್ನೇ ಬಿಟ್ಟುಬಿಡುತ್ತಾರೆ. ಯೂರೋಪಿನ ನವೋದಯದಂಥ ಯುಗಗಳನ್ನು ಪಟ್ಟಿಯಾಗಿಸದೆ ಹಿನ್ನೆಲೆಯ ತಿಳಿ ಬಣ್ಣವಾಗಿಸಿದರೆ ಸಾಲುಗಳ ಒತ್ತಡವೂ ತಗ್ಗುತ್ತದೆ. ವಿಸ್ ಟೈಮ್‌ಲೈನ್ ಎಂಬ ಮುಕ್ತ ತಂತ್ರಾಂಶದಲ್ಲಿ ಇದಕ್ಕಾಗಿಯೇ ‘ಪಾಯಿಂಟ್’, ‘ರೇಂಜ್’, ‘ಬ್ಯಾಕ್‌ಗ್ರೌಂಡ್’ ಎಂಬ ಬೇರೆ ಬೇರೆ ಬಗೆಗಳಿವೆ. ಚುಕ್ಕೆ, ಪಟ್ಟಿ, ಹಿನ್ನೆಲೆ ಎಂಬ ಈ ಮೂರು ನಿಮ್ಮ ಕೆಲಸಕ್ಕೆ ಸಾಕು.

ಮುಖ್ಯವಾದ ಘಟನೆಯ ಪಟ್ಟಿಯನ್ನು ದಪ್ಪ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಕಣ್ಣು ಉದ್ದವನ್ನು ಮಾತ್ರ ಓದದೆ ಒಟ್ಟು ಬಣ್ಣದ ಹರವನ್ನು ಓದುತ್ತದೆ. ಎರಡು ಪಟ್ಟು ದಪ್ಪಗಿರುವ ಐದು ವರ್ಷ ಹತ್ತು ವರ್ಷದಂತೆ ಕಾಣುತ್ತದೆ. ಮಹತ್ವವನ್ನು ಅಕ್ಷರದ ಗಾತ್ರದಲ್ಲಿ ತೋರಿಸಿ, ದಪ್ಪವನ್ನು ಯುದ್ಧ–ವಿರಾಮದಂಥ ಭೇದಕ್ಕೆ ಮಾತ್ರ ಮೀಸಲಿಡಿ. ಬಣ್ಣವೊಂದನ್ನೇ ನೆಚ್ಚಬೇಡಿ, ಬಣ್ಣಗಳನ್ನು ಬೇರ್ಪಡಿಸಿ ಗುರುತಿಸಲಾಗದ ಮಕ್ಕಳು ಯಾವ ತರಗತಿಯಲ್ಲೂ ಇರಬಹುದು. ಪ್ರತಿ ಪಟ್ಟಿಗೂ ‘1337ರಿಂದ 1453ರವರೆಗೆ, 116 ವರ್ಷ’ ಎಂಬ ಅಕ್ಷರ ರೂಪ ಇರಲೇಬೇಕು, ಪರದೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕಲಿಯುವ ಮಗುವಿಗೆ ಗೆರೆಯ ಉದ್ದ ತಲುಪುವುದು ಆ ಸಾಲಿನಿಂದ ಮಾತ್ರ. ಮೊಬೈಲ್‌ನಲ್ಲಿ ಮೌಸ್ ಇರುವುದಿಲ್ಲವಾದ್ದರಿಂದ ಮೇಲೆ ಸುಳಿದಾಗ ಕಾಣುವ ವಿವರ ಅಲ್ಲಿ ಕಾಣುವುದೇ ಇಲ್ಲ, ಮುಟ್ಟಿದರೆ ತೆರೆಯುವಂತಿರಲಿ. ಜಾಲತಾಣಗಳ ಸುಗಮತೆಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯ 2.2 ಆವೃತ್ತಿ ಮುಟ್ಟುವ ಜಾಗ ಕನಿಷ್ಠ 24 ಪಿಕ್ಸೆಲ್ ಉದ್ದ, 24 ಪಿಕ್ಸೆಲ್ ಅಗಲ ಇರಲಿ ಎನ್ನುತ್ತದೆ. ಕಾಣುವ ಗುರುತು ಚಿಕ್ಕದಿದ್ದರೂ ಅದರ ಸುತ್ತ ಕಾಣದ ಮುಟ್ಟುಜಾಗವನ್ನು ದೊಡ್ಡದಾಗಿ ಇಡಬಹುದು.

ಕೊನೆಯದಾಗಿ, ಇನ್ನೂ ಮುಗಿಯದ ಘಟನೆಗಳು. ವಿಸ್ತೃತ ದಿನಾಂಕ ಕ್ರಮದಲ್ಲಿ ಇದಕ್ಕೂ ಬೇರೆ ಬೇರೆ ಗುರುತುಗಳಿವೆ: ಮುಕ್ತಾಯದ ಜಾಗದಲ್ಲಿ ಎರಡು ಚುಕ್ಕೆ ಇಟ್ಟರೆ ‘ಕೊನೆ ತೆರೆದಿದೆ’ ಎಂದರ್ಥ, ಜಾಗವನ್ನು ಖಾಲಿ ಬಿಟ್ಟರೆ ‘ಮುಕ್ತಾಯ ತಿಳಿದಿಲ್ಲ’ ಎಂದರ್ಥ. ಸ್ಪ್ರೆಡ್‌ಶೀಟ್‌ನಲ್ಲಿ ಖಾಲಿ ಬಿಟ್ಟ ಕೋಶವನ್ನು ಮಾತ್ರ ನಂಬಿದರೆ ಇವೆರಡೂ ಬೆರೆತುಹೋಗುತ್ತವೆ. ನಿಮ್ಮ ಚುಕ್ಕೆಗಳಲ್ಲಿ ಕೆಲವು ಹುಟ್ಟಿದ್ದೂ ಹೀಗೆಯೇ ಇರಬೇಕು, ಏಕೆಂದರೆ ಮುಕ್ತಾಯವಿಲ್ಲದ ಸಾಲನ್ನು ಸಾಫ್ಟ್‌ವೇರ್ ಕ್ಷಣಮಾತ್ರದ ಘಟನೆ ಎಂದು ಎಣಿಸುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2000ದ ನವೆಂಬರ್ 2ರಿಂದ ಮನುಷ್ಯರು ಒಂದು ದಿನವೂ ಬಿಡದೆ ವಾಸವಾಗಿದ್ದಾರೆ. ಅದನ್ನು 2000-11-02/.. ಎಂದು ಬರೆಯಿರಿ. ಚಿತ್ರದಲ್ಲಿ ಪಟ್ಟಿ ಇಂದಿನ ದಿನದವರೆಗೆ ಬಂದು, ಅಲ್ಲಿ ಕತ್ತರಿಸಿದ ಅಂಚಿನ ಬದಲು ಮುಂದಕ್ಕೆ ಚಾಚಿದ ಬಾಣದ ಮೊನೆ ಇರಲಿ. ‘ಇಂದು’ ಎಂಬುದನ್ನು ನೀವು ಟೈಪ್ ಮಾಡಬೇಡಿ, ಪುಟ ತೆರೆದ ದಿನವನ್ನು ಕಂಪ್ಯೂಟರೇ ತೆಗೆದುಕೊಳ್ಳಲಿ. ಬಾಣಕ್ಕೆ ಇನ್ನೊಂದು ಕೆಲಸ ಕೊಡದಿರುವುದೂ ಮುಖ್ಯ: ಪಟ್ಟಿ ಪರದೆಯ ಅಂಚಿನಿಂದಾಚೆ ಮುಂದುವರಿದಿದೆ ಎನ್ನಲು ಕೆಲವರು ಅದೇ ಬಾಣವನ್ನು ಬಳಸುತ್ತಾರೆ, ಆಗ ಮುಗಿದ ಯುದ್ಧವೂ ಮುಗಿಯದಂತೆ ಕಾಣುತ್ತದೆ. ಪರದೆಯಾಚೆಗೆ ಹೋದ ಪಟ್ಟಿಯ ಹೆಸರನ್ನು ಕಾಣುವ ಭಾಗದೊಳಗೆ ಉಳಿಸಿ, ಅದರ ಮುಂದೆ ವರ್ಷವನ್ನು ಬರೆದರೆ ಸಾಕು.

ನಿಮ್ಮ ಇಡೀ ಸ್ಪ್ರೆಡ್‌ಶೀಟನ್ನು ಒಮ್ಮೆಗೇ ತಿದ್ದಲು ಕೂರಬೇಡಿ. ನೂರು ವರ್ಷಗಳ ಯುದ್ಧ, ಗುಟೆನ್‌ಬರ್ಗ್‌ನ ಜೀವನ, ಜಾಂಜಿಬಾರ್ ಯುದ್ಧ, ಬಾಹ್ಯಾಕಾಶ ನಿಲ್ದಾಣ, ಈ ನಾಲ್ಕನ್ನು ಮಾತ್ರ ಹೊಸ ಹಾಳೆಯಲ್ಲಿ ಬರೆದು ಎಳೆದು ನೋಡಿ. ತುಂಡಾದ ಅವಧಿ, ಖಚಿತವಿಲ್ಲದ ತುದಿ, ಕಾಣದಷ್ಟು ಸಣ್ಣದು, ಇನ್ನೂ ಮುಗಿಯದ್ದು ಎಲ್ಲವೂ ಇವುಗಳಲ್ಲೇ ಇವೆ. ಆಮೇಲೆ ಆ ಪರದೆಯನ್ನು ಒಂದಿಬ್ಬರು ವಿದ್ಯಾರ್ಥಿಗಳ ಮುಂದಿಟ್ಟು, ನೀವೇನೂ ವಿವರಿಸದೆ, ಯಾವುದು ಎಷ್ಟು ಕಾಲ ನಡೆಯಿತು ಎಂದು ಅವರ ಬಾಯಿಂದಲೇ ಕೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿಂದ ತಿದ್ದಲು ಆರಂಭಿಸಿ.